ಶಾಸನಸಭೆಯಲ್ಲೇ ಹುಟ್ಟಿದ ಹಾರ್ಟ್‌ವೆಲ್

೧೯೮೪ರಲ್ಲಿ ಅರಬ್ ನಾಡಿನ ತಾಯಿಫಿನ ನಮ್ಮ ಭಾರತೀಯ ಶಾಲೆಯ ಒಂಬತ್ತನೇ ತರಗತಿಯ ಇಂಗ್ಲಿಷ್ ಪಠ್ಯದ ಪ್ರಕಾರ, ಸೈಲಸ್ ಹಾರ್ಟ್‌ವೆಲ್ ಎಂಬ ಹಳೆಯ ಕಾಲದ ಅಮೆರಿಕನ್ ಮಹನೀಯರು ತಮ್ಮ ನಲವತ್ತೆರಡನೆಯ ವಯಸ್ಸಿನಲ್ಲಿ, ನೇರವಾಗಿ ಶಾಸನಸಭೆಯಲ್ಲಿ ಜನಿಸಿದರು.

ಅದಕ್ಕೂ ಮೊದಲು ಅವರು ಇಪ್ಪತ್ತು ವರ್ಷ ಪಾದ್ರಿಯಾಗಿದ್ದರು. ಆ ಒಂದೂವರೆ ಪುಟಕ್ಕೆ ಕಪ್ಪು ಮಾರ್ಕರ್ ಬಳಿದವಳು ಅಲ್ಲೇ ಚಿಕ್ಕ ತರಗತಿಗಳ ಟೀಚರಾಗಿದ್ದ ನಾನೇ. ಪರಧರ್ಮದ ಕತೆಗೆ ಬಳಿಯಿರೆಂದು ಅಲ್ಲಿನ ಸರ್ಕಾರದವರು ಯಾರೂ ಹೇಳಿರಲಿಲ್ಲ. ಹೇಳುವ ಶ್ರಮ ಯಾರಿಗೂ ಆಗಬಾರದೆಂದು ಶಾಲಾ ಸಮಿತಿ ತಾನಾಗಿಯೇ ನಿರ್ಣಯಿಸಿತ್ತು. ಸಮಿತಿಯ ಕಾರ್ಯದರ್ಶಿ, ಭಟ್ಕಳದ ಬಟ್ಟೆ ವ್ಯಾಪಾರಿ ಗುಲಾಮ್ ಮುಹಮ್ಮದ್ ಸಾಹೇಬರು, "ಮೇಡಂ, ನೀವು ಇತಿಹಾಸದಲ್ಲಿ ಬಿ.ಎ. ಯಾವುದನ್ನು ಅಳಿಸಬೇಕೆಂದು ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?" ಎಂದರು. ಮದುವೆಯಾದ ಮೇಲೆ ನನ್ನ ಪದವಿಯನ್ನು ಯಾರಾದರೂ ನೆನಪಿಸಿಕೊಂಡದ್ದು ಅದೇ ಮೊದಲು. ಅರವತ್ತೆರಡು ಪ್ರತಿಗಳನ್ನು ಮೂರೇ ದಿನದಲ್ಲಿ ಮುಗಿಸಿಕೊಟ್ಟೆ.

ಆದರೆ ಪ್ರಶ್ನೆಪತ್ರಿಕೆ ಬೊಂಬಾಯಿಯಿಂದ ಬಂತು. "ರಾಜಕೀಯಕ್ಕೆ ಬರುವ ಮೊದಲಿನ ಹಾರ್ಟ್‌ವೆಲ್‌ರ ಜೀವನವನ್ನು ವಿವರಿಸಿ. ಹತ್ತು ಅಂಕ."

ಪರೀಕ್ಷಾ ಕೊಠಡಿಯಲ್ಲಿ ಸಮಿತಿಯ ತುರ್ತು ಸುತ್ತೋಲೆಯನ್ನು ಓದಲಾಯಿತು: "ಉತ್ತರವು ಪಠ್ಯಪುಸ್ತಕಕ್ಕೆ ಅನುಗುಣವಾಗಿರತಕ್ಕದ್ದು. ವಿದ್ಯಾರ್ಥಿಗಳು ಒಂದೂವರೆ ಪುಟವನ್ನು ಕಪ್ಪು ಮಸಿಯಿಂದ ತುಂಬತಕ್ಕದ್ದು. ಅಂಚು ನೇರವಾಗಿದ್ದವರಿಗೆ ಪೂರ್ಣ ಅಂಕ. ನೀಲಿ ಮಸಿಯನ್ನು ಪರಿಗಣಿಸಲಾಗುವುದಿಲ್ಲ."

ಎಲ್ಲರೂ ತುಂಬಿದರು, ನನ್ನ ಮಗಳು ಮೈಮೂನತ್ ಒಬ್ಬಳನ್ನು ಬಿಟ್ಟು. ಅರವತ್ತೆರಡು ಸಲ ಅಳಿಸಿದ್ದರಿಂದ ನನಗೆ ಆ ಪಾದ್ರಿಯ ಕತೆ ಬಾಯಿಪಾಠವಾಗಿತ್ತು. ಮನೆಯಲ್ಲಿ ಅವಳಿಗೆ ಹೇಳಿದ್ದೆ. ಅವಳು ಅದನ್ನೇ ಬರೆದಳು. ಸೊನ್ನೆ ಬಂತು. ನಾಲ್ಕು ಅಂಕ ಕಡಿಮೆಯಾಗಿ ಫೇಲು. ಫೇಲಾದರೆ ಮಂಗಳೂರಿನ ಹಾಸ್ಟೆಲಿಗೆ ಎಂದು ಅವಳ ಬಾಪ ಮೊದಲೇ ತೀರ್ಮಾನಿಸಿಯಾಗಿತ್ತು.

"ಪುಸ್ತಕದಲ್ಲಿ ಇಲ್ಲದ್ದನ್ನು ಎಂತಕ್ಕೆ ಬರೆದದ್ದು ನೀನು?"

"ಇತ್ತಲ್ಲ ಉಮ್ಮಾ! ನೀವೇ ಅಲ್ವಾ ಬಳಿದದ್ದು?"

"ಮೆಲ್ಲಗೆ ಮಾತಾಡು."

ಸಾಹೇಬರ ಅಂಗಡಿಗೆ ಓಡಿದೆ. "ಅವಳು ಬರೆದದ್ದು ಸರಿಯಲ್ಲವಾ ಸಾಹೇಬರೇ?"

"ಸರಿಯೇ ಮೇಡಂ, ಅದೇ ತಲೆನೋವು. ಅವಳದ್ದು ಸರಿಯಾದರೆ ಉಳಿದ ಮಕ್ಕಳದ್ದು ತಪ್ಪಾಗಬೇಕು. ಅವರ ಅಪ್ಪಂದಿರೆಲ್ಲ ನನ್ನ ಗಿರಾಕಿಗಳು." ಅವರು ಅಳತೆಪಟ್ಟಿಯನ್ನು ಕೊರಳಿಗೆ ಹಾಕಿಕೊಂಡರು. "ಒಂದು ಅರ್ಜಿ ಬರೆಯಿರಿ. ಮರುಪರೀಕ್ಷೆ ಮಾಡುವ."

ಮರುಪರೀಕ್ಷೆಗೆ ಹೊಸ ಉತ್ತರಪತ್ರಿಕೆ ಕೊಡಲು ನಿಯಮವಿರಲಿಲ್ಲ. ಆದ್ದರಿಂದ ಮೈಮೂನತ್‌ಗೆ ಅವಳ ಹಳೆಯ ಉತ್ತರವನ್ನೂ ನನ್ನ ಮಾರ್ಕರನ್ನೂ ಕೊಡಲಾಯಿತು. ಮೇಲ್ವಿಚಾರಕಿ ನಾನು. ಅವಳು ತನ್ನ ಸಾಲುಗಳ ಮೇಲೆ ಒಂದೊಂದಾಗಿ ಬಳಿಯುತ್ತ ಬಂದು, ನಡುವೆ ಕೈ ನಿಲ್ಲಿಸಿದಳು.

"ಉಮ್ಮಾ, ಈ ವಾಕ್ಯ ಚಂದ ಬಂದಿತ್ತು."

"ಚಂದ ಇದ್ದದ್ದಕ್ಕೆ ಎರಡು ಸಲ ಬಳಿ."

ಹತ್ತಕ್ಕೆ ಒಂಬತ್ತು ಬಂತು. ಮಗಳು ತಾಯಿಫಿನಲ್ಲೇ ಉಳಿದಳು. ಬೆಳಕಿಗೆ ಹಿಡಿದರೆ ಒಂದು ಪದ ಇನ್ನೂ ಓದಲು ಬರುತ್ತಿತ್ತೆಂದು ಒಂದು ಅಂಕ ಕಡಿತ. ಮೌಲ್ಯಮಾಪಕಿಯೂ ನಾನೇ. ಸ್ವಂತ ಮಗಳೆಂದು ಪಕ್ಷಪಾತ ಮಾಡಿದಳು ಎಂಬ ಮಾತು ಬರಬಾರದಲ್ಲ.