ಮಾದೇವಸ್ವಾಮಿ ಇನ್ನೂ ಆಡುತ್ತಿದ್ದಾನೆ

ಸ್ನೇಹಿತ ಬೇಗ ಮುದುಕನಾಗಲಿ ಎಂದು ದೇವರಿಗೆ ಕೈಮುಗಿಯುವವರು ಲೋಕದಲ್ಲಿ ಎಷ್ಟು ಮಂದಿ ಇದ್ದಾರೋ ತಿಳಿಯದು. ನಾನಂತೂ ಮುಗಿದಿದ್ದೇನೆ. ಚಾಮುಂಡಿ ಬೆಟ್ಟಕ್ಕೆ ಹೋದಾಗ ಮನೆಮಂದಿಗೆಲ್ಲ ಆರೋಗ್ಯ ಬೇಡಿಕೊಂಡು, ಕೊನೆಯಲ್ಲಿ ಮೆಲ್ಲಗೆ, 'ತಾಯಿ, ಮಾದೇವಸ್ವಾಮಿಗೆ ಒಂಚೂರು ಮಂಡಿನೋವು ಕೊಡು. ಜಾಸ್ತಿ ಬೇಡ, ಆಟ ನಿಲ್ಲಿಸುವಷ್ಟು ಸಾಕು' ಎಂದು ಸೇರಿಸಿದ್ದೇನೆ. ತಾಯಿಗೆ ವಿಳಾಸ ತಪ್ಪಿತೋ ಏನೋ, ಮಂಡಿನೋವು ನೇರವಾಗಿ ನನ್ನ ಮನೆಗೇ ಬಂತು.

ಮಾದೇವಸ್ವಾಮಿ ಶ್ರೀರಾಂಪುರದಲ್ಲಿ ನಮ್ಮ ಎದುರು ಮನೆಯವನು, ನನ್ನ ಹೈಸ್ಕೂಲಿನ ಸಹಪಾಠಿ. ಫುಟ್‌ಬಾಲ್ ಆಡಿ ಸಂಬಳ ತೆಗೆದುಕೊಳ್ಳುವವನು. ನಾವೆಲ್ಲ ಬ್ಯಾಟು ಹಿಡಿದು ಓಡಾಡುತ್ತಿದ್ದ ಕಾಲದಲ್ಲಿ ಇವನೊಬ್ಬ ಚೆಂಡು ಒದೆಯುತ್ತಾ ಸ್ಕೂಲಿಗೆ ಬರುತ್ತಿದ್ದ. ಒದೆಯುತ್ತಲೇ ಬೆಂಗಳೂರು, ಗೋವಾ, ಕೋಲ್ಕತ್ತ ಎಂದು ಕ್ಲಬ್ಬಿನಿಂದ ಕ್ಲಬ್ಬಿಗೆ ಹೋದ. ಗೋಲು ಹೊಡೆಯುವವನಲ್ಲ, ಹೊಡೆಯಲು ಬರುವವರಿಗೆ ಅಡ್ಡ ನಿಲ್ಲುವವನು. ಹಾಗಾಗಿ ಪೇಪರಿನಲ್ಲಿ ಫೋಟೋ ಬರುವುದು ಕಡಿಮೆ. ಅವನ ಜೊತೆ ಆಡಲು ಶುರುಮಾಡಿದವರೆಲ್ಲ ಈಗ ಕೋಚುಗಳಾಗಿದ್ದಾರೆ. ಒಬ್ಬಿಬ್ಬರ ಮಕ್ಕಳು ಇವನ ಎದುರೇ ಆಡುತ್ತಾರೆ. ಅಂಥ ಒಬ್ಬ ಹುಡುಗ ಆಟದ ಮಧ್ಯೆ ಇವನನ್ನು ಕೆಡವಿ, 'ಸಾರಿ ಅಂಕಲ್' ಅಂದನಂತೆ. ಅದನ್ನು ಇವನೇ ಹೇಳಿಕೊಂಡು ಹೊಟ್ಟೆ ಹಿಡಿದು ನಗುತ್ತಾನೆ. ಹಿಡಿಯಲು ಅವನಿಗೆ ಹೊಟ್ಟೆಯಾದರೂ ಎಲ್ಲಿದೆ?

ನನ್ನ ತಾಪತ್ರಯ ಇಲ್ಲಿಂದಲೇ ಶುರು. ನಾನು ಸರ್ಕಾರಿ ಕಚೇರಿಯ ಗುಮಾಸ್ತ. ಕೂತು ಕೂತು ನನ್ನ ದೇಹ ಕುರ್ಚಿಯ ಆಕಾರಕ್ಕೆ ಬಂದಿದೆ. ಮನೆಯಲ್ಲಿ ಮೂರನೆಯ ಒಬ್ಬಟ್ಟಿಗೆ ಕೈ ಹಾಕಿದರೆ ನನ್ನ ಹೆಂಡತಿ ಸುಮಾ, 'ಮಾದೇವಣ್ಣನೂ ನಿಮ್ಮ ವಯಸ್ಸಿನವರೇ ಕಣ್ರೀ' ಅನ್ನುತ್ತಾಳೆ. ಗ್ಯಾಸ್ ಸಿಲಿಂಡರ್ ಎತ್ತುವಾಗ 'ಅಮ್ಮಾ' ಅಂದರೂ ಮಾದೇವಣ್ಣ, ಮೆಟ್ಟಿಲ ಮೇಲೆ ನಿಂತು ಸುಧಾರಿಸಿಕೊಂಡರೂ ಮಾದೇವಣ್ಣ. ಅವನೊಮ್ಮೆ ಆಟ ಬಿಟ್ಟು, ನಾಲ್ಕು ತಿಂಗಳು ಉಂಡು ಮಲಗಿ, ಮುಂದಕ್ಕೆ ಒಂದಿಷ್ಟು ಹೊಟ್ಟೆ ಬಂದರೆ ಈ ಮನೆಯಲ್ಲಿ ನಾನು ನೆಮ್ಮದಿಯಾಗಿ ಬಾಳಬಹುದು. ನನ್ನ ಆಸೆ ಇಷ್ಟೇ.

ಹೋದ ವರ್ಷ ಆ ಆಸೆ ಕೈಗೂಡಿತೆಂದೇ ತಿಳಿದೆ. ಎದುರು ಮನೆ ಮುಂದೆ ಟೆಂಪೋ ನಿಂತು, ಹಾಸಿಗೆ, ಕುಕ್ಕರು, ಬಕೆಟ್ಟು, ಗೋಣಿಚೀಲದ ತುಂಬ ಬೂಟುಗಳು ಇಳಿದವು. ಸರ್ಕಾರಿ ನೌಕರನಿಗೆ ಇದಕ್ಕಿಂತ ಸಾಕ್ಷಿ ಬೇಕೆ? ಒಬ್ಬ ಕ್ವಾರ್ಟರ್ಸ್ ಖಾಲಿ ಮಾಡಿ ಸಾಮಾನು ತಂದನೆಂದರೆ ರಿಟೈರಾದನೆಂದೇ ಅರ್ಥ. ಬಡಾವಣೆ ಸಂಘದ ಕಾರ್ಯದರ್ಶಿ ನಾನೇ ಆದ್ದರಿಂದ, ಅಧ್ಯಕ್ಷರಾದ ನಿವೃತ್ತ ಹೆಡ್‌ಮಾಸ್ಟರ್ ಪುಟ್ಟೇಗೌಡರ ಮನೆಗೆ ಓಡಿದೆ. ಓಡಿದೆ ಎನ್ನುವುದು ಮಾತಿಗೆ. ಮಾದೇವಸ್ವಾಮಿಯನ್ನೇ ಒಂದು ಮಾತು ಕೇಳಲೇ ಎಂದರೆ ಗೌಡರು ತಡೆದರು. 'ಕೇಳೋಕೋಗ್ಬೇಡಿ ಕಣ್ರೀ. ಹೊಸದಾಗಿ ರಿಟೈರಾದೋರ ಮನಸ್ಸು ಎಂಗಿರ್ತದೆ ಅಂತ ನಂಗೊತ್ತು. ಸುಮ್ನೆ ಸನ್ಮಾನ ಅನ್ನಿ, ಬತ್ತಾನೆ.'

ಭಾನುವಾರ ಸಮಾರಂಭ ನಡೆಯಿತು. ಮೈಸೂರು ಪೇಟ, ಶಾಲು, ಗಂಧದ ಹಾರ, ಹಣ್ಣಿನ ಬುಟ್ಟಿ. ಜೊತೆಗೆ, ಇನ್ನು ಕೂತೇ ಕಾಲ ಕಳೆಯುವವನೆಂದು, ಒಂದು ಆರಾಮಕುರ್ಚಿ. ಗೌಡರು 'ದೇಹವೆಂಬ ಬಂಡಿ ಸವೆಯುವುದು ಸಹಜ' ಎಂದು ಶುರುಮಾಡಿ, 'ವಿಶ್ರಾಂತ ಜೀವನ ಸುಖಮಯವಾಗಿರಲಿ' ಎಂದು ಮುಗಿಸಿದರು. ವಂದನಾರ್ಪಣೆಯಲ್ಲಿ ನಾನು ಮೈಕಿನವನಿಗೂ ಎರಡೆರಡು ಸಲ ವಂದಿಸಿದೆ. ಅಷ್ಟು ಸಂತೋಷ ನನಗೆ. ಆಮೇಲೆ ಮಾದೇವಸ್ವಾಮಿ ಪೇಟ ಸರಿಮಾಡಿಕೊಂಡು ಮೈಕು ಹಿಡಿದ. 'ಎಲ್ಲಾರ್ಗೂ ನಮಸ್ಕಾರ. ನಿಮ್ಮ ಆಶೀರ್ವಾದದಿಂದ ಹೊಸ ಕ್ಲಬ್ಬು ಸೇರ್ಕೊಂಡಿದೀನಿ. ಅವ್ರಿನ್ನೂ ರೂಮು ಕೊಟ್ಟಿಲ್ಲ, ಅದಕ್ಕೇ ಸಾಮಾನೆಲ್ಲ ಮನೇಲಿ ತಂದಾಕಿದೀನಿ. ಮುಂದಿನ ವಾರ ಹೊರಡ್ತೀನಿ.' ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದವಳು ಸುಮಾ. ಹೊರಡುವ ದಿನ ಅವನು ಆ ಕುರ್ಚಿಯನ್ನು ಹೆಗಲ ಮೇಲೆ ಹೊತ್ತು ತಂದು ನಮ್ಮ ವರಾಂಡದಲ್ಲಿಟ್ಟ. 'ನಂಗೆ ಕೂರೋಕೆ ಪುರುಸೊತ್ತಿಲ್ಲ ಕಣೋ, ನೀನೇ ಮಡಿಕ್ಕೊ' ಅಂದ.

ಈ ಬೇಸಿಗೆಯಲ್ಲಿ ಸೀಸನ್ ಮುಗಿಸಿ ಊರಿಗೆ ಬಂದವನು ಒಂದು ಸಂಜೆ ನಮ್ಮಲ್ಲಿಗೆ ಕಾಫಿಗೆ ಬಂದ. ಅರ್ಧ ಕುಡಿದ ಲೋಟ ಕೆಳಗಿಟ್ಟು, 'ಸಾಕು ಅನ್ನಿಸ್ತದೆ ಕಣೋ' ಅಂದ. 'ಬೆಳಿಗ್ಗೆ ಎದ್ರೆ ಕಾಲು ನೆಲಕ್ಕೂರೋಕೆ ಒಂದು ಗಳಿಗೆ ಬೇಕು. ಕ್ಲಬ್ಬಿನೋರು ಇನ್ನೊಂದು ವರ್ಷ ಇರಿ ಅಂತಾವ್ರೆ. ಆಗಲ್ಲ ಅಂದ್ಬುಡ್ಲಾ?'

ಇಷ್ಟು ವರ್ಷ ನಾನು ಕಾದಿದ್ದ ಮಾತು. ಅವನ ಬಾಯಿಗೆ ಸಕ್ಕರೆ ಹಾಕಬೇಕಿತ್ತು. ಆದರೆ ಆ ಮಾತು ನನಗೆ ರುಚಿಸಲಿಲ್ಲ. ನಮ್ಮ ತರಗತಿಯವರೆಲ್ಲ ಬಿಪಿ, ಶುಗರು, ಚಾಳೀಸು ಎಂದು ಒಬ್ಬೊಬ್ಬರಾಗಿ ಮುದುಕರ ಪಕ್ಷ ಸೇರಿದ್ದಾಗಿದೆ. ಇವನೊಬ್ಬ ಆಡುತ್ತಿರುವ ತನಕ, ನಮಗಿನ್ನೂ ಅಂಥ ವಯಸ್ಸೇನಾಗಿಲ್ಲ ಎಂದು ವಾದಿಸಲು ಒಂದು ಆಧಾರವಿತ್ತು. ಕಚೇರಿಯ ಹೊಸಬರು ಅಂಕಲ್ ಅಂದಾಗಲೆಲ್ಲ, 'ನನ್ನ ಕ್ಲಾಸ್‌ಮೇಟು ಇವತ್ತಿಗೂ ಫುಟ್‌ಬಾಲ್ ಆಡ್ತಾನೆ, ಗೊತ್ತೇನ್ರಪ್ಪಾ?' ಎಂದು ಎದೆಯುಬ್ಬಿಸಿದವನು ನಾನೇ. ಅವನು ನಿಂತ ದಿನ ನಾವೆಲ್ಲ ಒಟ್ಟಿಗೇ ಮುದುಕರಾಗುತ್ತೇವೆ. ನನಗೆ ನಿಜವಾಗಿಯೂ ದುಃಖವಾಯಿತು. ಅವನ ಕೈ ಹಿಡಿದು, 'ಬ್ಯಾಡ ಕಣೋ, ಇನ್ನೊಂದು ವರ್ಷ ಆಡೋ' ಅಂದುಬಿಟ್ಟೆ.

ಅವನು ಲೋಟ ಎತ್ತಿ ಉಳಿದ ಕಾಫಿ ಕುಡಿದ. 'ಆಡ್ಬೋದು. ಆದ್ರೆ ರಜಾದಲ್ಲಿ ದಿನಾ ಒಬ್ನೇ ಓಡಿ ಬೇಜಾರಾಗೋಗದೆ ಕಣೋ. ಜೊತೆಗೊಬ್ರು ಬೇಕು. ನೀನು ಬತ್ತೀಯಾ?' ನಾನು ಮಂಡಿಯ ವಿಷಯ ತೆಗೆಯುವ ಮೊದಲೇ ಅಡುಗೆಮನೆಯಿಂದ ಸುಮಾ, 'ಬರ್ತಾರೆ ಬುಡಿ ಮಾದೇವಣ್ಣ, ಐದೂವರೆಗೆಲ್ಲ ಎಬ್ಬಿಸಿ ಕಳಿಸ್ತೀನಿ' ಅಂದಳು.

ಈಗ ದಿನಾ ಬೆಳಿಗ್ಗೆ ಬಡಾವಣೆಯ ಮೈದಾನದಲ್ಲಿ ಅವನು ಓಡುತ್ತಾನೆ, ನಾನು ಹಿಂದೆ ಉರುಳುತ್ತೇನೆ. ನನ್ನನ್ನು ದಾಟಿಕೊಂಡು ಹೋಗುವಾಗಲೆಲ್ಲ ಬೆನ್ನು ತಟ್ಟಿ, 'ನೆನ್ನೆಗಿಂತ ವಾಸಿ ಕಣೋ' ಅನ್ನುತ್ತಾನೆ. ಸುಳ್ಳೆಂದು ಗೊತ್ತು, ಆದರೂ ಮನೆಗೆ ಬಂದು ಬಿಸಿನೀರು ಹುಯ್ದುಕೊಳ್ಳುವಾಗ ಒಳಗೊಳಗೇ ಖುಷಿಯಾಗುತ್ತದೆ. ಮೊನ್ನೆ ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಾ ಸುಮಾಳನ್ನು ಕೇಳಿದೆ, 'ಇದೆಲ್ಲ ಎಲ್ಲೀವರೆಗೆ ಕಣೇ?'

'ಮಾದೇವಣ್ಣ ಆಟ ನಿಲ್ಲಿಸೋವರೆಗೆ' ಅಂದಳು. ನಿಲ್ಲಿಸುತ್ತೇನೆಂದು ಬಂದವನ ಕೈ ಹಿಡಿದು ಬೇಡವೆಂದವನು ನಾನು. ಇನ್ನು ಯಾರ ಮೇಲೆ ಕೋಪ ಮಾಡಿಕೊಳ್ಳಲಿ?