ಕಳಸವೆನಿಸಿಕೊಂಡ ಮೈಕಿಗೆ ಒಂದು ಅರಿಕೆ

ಮಾನ್ಯ ಮೈಕ್ ಸಾಹೇಬರೇ,

ಅದಕ್ಕೇ ನಿನ್ನೆ ನಾನು ಹೇಳುತ್ತಿದ್ದದ್ದು, ರೆಕಾರ್ಡಿಂಗ್ ಕೆಟ್ಟ ತಪ್ಪೆಲ್ಲ ತಮ್ಮದೇ ಅಲ್ಲವೆಂದು. ಅಷ್ಟರಲ್ಲಿ ಭಜನೆಯವರು ಮನೆಗೆ ಹೊರಟು ನಿಂತರು, ಮಾತು ಅರ್ಧಕ್ಕೇ ನಿಂತಿತು. ಮರಳಿ ಊರಿನ ನಮ್ಮ ಪಡಸಾಲೆಯಿಂದ ತಮಗೆ ಸಾಷ್ಟಾಂಗ ನಮಸ್ಕಾರಗಳು. ವಿತ್ ಡ್ಯೂ ರೆಸ್ಪೆಕ್ಟ್, ಐ ಬೆಗ್ ಟು ಸ್ಟೇಟ್... ಮುಂದಿನದನ್ನೂ ಗಂಗಾವತಿಯ ಕಾಲೇಜಿನಲ್ಲಿ ಕಲಿಸಿದ್ದರು, ಮರೆತಿದೆ. ಕನ್ನಡದಲ್ಲೇ ಅರಿಕೆ ಮಾಡಿಕೊಳ್ಳುತ್ತೇನೆ.

ತಾವು ಅಂಗಿಯ ಕಾಲರಿಗೆ ಸಿಕ್ಕಿಸುವ ಜಾತಿಯವರು, ಅಂಗಡಿಯಲ್ಲಿದ್ದ ತಮ್ಮ ಬಳಗದಲ್ಲೆಲ್ಲ ಅಗ್ಗದವರು. ಸ್ಟ್ಯಾಂಡ್ ಕೊಳ್ಳುವ ತಾಕತ್ತಿಲ್ಲದೆ ತಂಬಿಗೆಗೆ ಅಕ್ಕಿ ತುಂಬಿ, ಅದರಲ್ಲಿ ಕೋಲು ನೆಟ್ಟು, ತುದಿಗೆ ತಮ್ಮನ್ನು ಕಟ್ಟಿದೆ. ತಂಬಿಗೆ ತುಂಬ ಅಕ್ಕಿ ಕಂಡರೆ ನಮ್ಮವರು ಸುಮ್ಮನಿರುತ್ತಾರೆಯೇ? ನಮ್ಮ ಭಜನೆಯ ಹಾಡುಗಾರ್ತಿ ಹನುಮಂತಮ್ಮ ಅದನ್ನು ಕಳಸವೆಂದೇ ತಿಳಿದು, ಕುಂಕುಮವಿಟ್ಟು, ಚೆಂಡುಹೂವಿನ ಹಾರವನ್ನು ತಮ್ಮ ಕೊರಳಿಗೆ ಹಾಕಿ, ದೇವರ ಪಟದ ಮುಂದೆ ಕೂರಿಸಿದರು. ಫ್ಯಾನಿನ ಗಾಳಿಗೆ ಆ ಹಾರ ತಮ್ಮ ಮೈಗೆ ಉಜ್ಜಿದ ಸದ್ದನ್ನು ತಾವು ಎಷ್ಟು ಭಕ್ತಿಯಿಂದ ಮೊಬೈಲಿಗೆ ಒಪ್ಪಿಸಿದಿರೆಂದರೆ, ಕೇಳಿದವರು ಎಮ್ಮೆ ಮೇವು ಮೆಲ್ಲುತ್ತಿದೆ ಎಂದುಕೊಂಡರು.

ತಮ್ಮ ಸಮಭಾವವನ್ನಂತೂ ಎಷ್ಟು ಹೊಗಳಿದರೂ ಕಡಿಮೆಯೇ. ಮೆಹಬೂಬಸಾಬರ ಹಾರ್ಮೋನಿಯಂ ಪೇಟಿ, ಹನಮಪ್ಪನ ತಬಲಾ, ಕಾಲುವೆಯಾಚೆ ಭತ್ತ ಕೊಯ್ಯುವ ಮಷೀನು, ಯಾರದೋ ಕೆಮ್ಮು, ಎಲ್ಲವೂ ತಮಗೆ ಒಂದೇ. ಎಲ್ಲರಿಗಿಂತ ಮೇಲೆ ಗಾದಿಲಿಂಗಪ್ಪಜ್ಜನ ತಾಳ. ಹಿರಿಯರು ಪಟದ ಪಕ್ಕದಲ್ಲೇ ಕೂರುವುದು ನಮ್ಮ ಪದ್ಧತಿ. ತಾವೂ ಅಲ್ಲೇ ಇದ್ದಿರಿ. ಅಜ್ಜ ಹಾಡು ಮುಗಿಯುವತನಕ ತಮ್ಮ ಕಿವಿಯೊಳಗೇ ಕಂಚು ಬಡಿದರು. ದನಿ ಮಾರ್ದನಿಸದಿರಲೆಂದು ಗೋಡೆಗೆ ಕೌದಿ ಕಟ್ಟಿ ನಾನು ಬೆವರು ಸುರಿಸಿದ್ದು ದಂಡವಾಯಿತು. ಅವರಿಗೆ ಹಿಂದೆ ಸರಿಯಿರಿ ಎನ್ನುವ ಗಂಡಸು ಈ ಊರಲ್ಲಿ ಹುಟ್ಟಿಲ್ಲ. ತಾವು ಪರಸ್ಥಳದವರು, ದಾಕ್ಷಿಣ್ಯವಿಲ್ಲ. ತಾವೇ ಬಾಯಿಬಿಟ್ಟು ಹೇಳಬೇಕೆಂದು ಪ್ರಾರ್ಥನೆ.

ಇಷ್ಟೆಲ್ಲ ಗೋಳು ಯಾಕೆಂದರೆ, ನನ್ನ ಮನೆಯಾಕೆ ದ್ರಾಕ್ಷಾಯಿಣಿ ತಾನೇ ಕಟ್ಟಿದ ಮಂಗಳಾರತಿ ಪದವೊಂದಿದೆ. ಆಕೆ ಹೋದ ಮೇಲೆ ಅದು ಉಳಿದಿರುವುದು ಗೆಳತಿ ಹನುಮಂತಮ್ಮನ ಬಾಯಲ್ಲಿ ಮಾತ್ರ. ನಾನು ದಿನಾ ಕೇಳಿದೆ, ಕಲಿಯಲಿಲ್ಲ. ಹನುಮಂತಮ್ಮನಿಗೂ ಈಗೀಗ ನುಡಿಗಳು ತಪ್ಪುತ್ತಿವೆ. ನಿನ್ನೆ ತಾವು ತುಂಬಿಸಿದ್ದನ್ನು ಕಿವಿಗೆ ಹಿಡಿದು ಕೇಳಿ, ಮೊಬೈಲನ್ನು ನನ್ನ ಕೈಗಿಟ್ಟು ಅವರು ಹೇಳಿದ್ದಿಷ್ಟು: “ಇದರಾಗ ನಾನೂ ಇಲ್ಲ, ಆಕಿನೂ ಇಲ್ರಿ ಅಣ್ಣಾರ. ನಾಳಿ ಮತ್ತ ಹಾಡ್ತೀನಿ, ನೆನಪು ಇರೂತನಕ.”

ಹೀಗಾಗಿ ತಾವು ಬಾಯಿಬಿಡುವ ಹಾದಿ ಕಾಯದೆ, ಮಧ್ಯಾಹ್ನ ದೇವರ ಪಟವನ್ನೇ ಕಿತ್ತು ಪಡಸಾಲೆಯ ಆ ತುದಿಯ ಗೋಡೆಗೆ ತೂಗುಹಾಕಿದ್ದೇನೆ. ದೇವರು ಹೋದಲ್ಲಿಗೆ ಅಜ್ಜ ಹೋಗುತ್ತಾರೆ. ತಾವು ಮಾತ್ರ ಇದ್ದಲ್ಲೇ ಇದ್ದು, ಹನುಮಂತಮ್ಮನ ಮುಖ ನೋಡುತ್ತ ಕೂರತಕ್ಕದ್ದು. ಫ್ಯಾನು ಬಂದ್. ಮಷೀನಿನವನಿಗೆ ಚಹಾ ಕಳಿಸಿದ್ದೇನೆ. ಇನ್ನೂ ಬರೆಯುವುದಿತ್ತು, ಬೆಳಕು ಇಳಿಯುತ್ತಿದೆ, ಅಕ್ಷರ ಕಾಣುತ್ತಿಲ್ಲ. ಟ್ಯೂಬ್‌ಲೈಟ್ ಹಾಕಿದರೆ ಅದೂ ಗುಂಯ್ ಎಂದು ದನಿಗೂಡಿಸುತ್ತದೆ. ಹೊರಗೆ ಚಪ್ಪಲಿ ಬಿಡುವ ಸದ್ದು. ದೀಪ ಬೇಡ, ಆ ಪದಕ್ಕೆ ಕಣ್ಣೇನೂ ಬೇಕಿಲ್ಲ.

ಇದೊಂದು ಸಂಜೆಯ ಮಟ್ಟಿಗೆ ತಮ್ಮ ವಿಶ್ವಾಸಿ,
ಕಳಕಪ್ಪ

ತಾ.ಕ.: ಇಂದು ತಮಗೆ ಹಾರವಿಲ್ಲ. ಹಾರ ಬಿದ್ದ ಮೇಲೆ ಕಿವಿ ಕೇಳದಂತಾದವರನ್ನು ನಮ್ಮ ತಾಲೂಕಿನಲ್ಲಿ ಭಾಳ ಮಂದಿ ನೋಡಿದ್ದೇವೆ.