ಬದುವಿನ ಮರಕ್ಕೆ ಅಗ್ಗದ ನಕ್ಷೆ

ತಾನು ಎಲ್ಲಿ ನಿಂತಿದ್ದೇನೆ ಎಂಬುದನ್ನು ಅರಿಯುವುದೇ ಮನುಷ್ಯನ ವಿವೇಕದ ಮೊದಲ ಮೆಟ್ಟಿಲು. ನನಗಂತೂ ಅದು ಚೆನ್ನಾಗಿ ಗೊತ್ತಿತ್ತು. ಹೊನ್ನವಳ್ಳಿಗೆ ಎರಡು ಮೈಲಿ ದೂರದ ನಮ್ಮೂರಿನಲ್ಲಿ, ನಮ್ಮ ತೋಟದ ಬದುವಿನ ಮೇಲೆ, ಬಲಗಾಲಿನ ಚಪ್ಪಲಿಯ ಉಂಗುಷ್ಟ ಕಿತ್ತುಹೋಗಿ ನಿಂತಿದ್ದೆ. ಅಷ್ಟು ಅರಿವಿಗೆ ತೃಪ್ತನಾಗಿ ಮನೆಗೆ ಬಂದಿದ್ದರೆ ಈ ಬರಹಕ್ಕೆ ಕಾರಣವೇ ಇರುತ್ತಿರಲಿಲ್ಲ.

ಆ ಬದುವಿನ ಮೇಲೆ ಒಂದು ತೆಂಗಿನ ಮರ ಇದೆ. ಈ ಕಡೆ ನಮ್ಮ ತೋಟ, ಆ ಕಡೆ ಶಿವಲಿಂಗಣ್ಣನ ತೋಟ. ಮರ ನೆಟ್ಟವರು ನಮ್ಮಪ್ಪನೋ ಅವರಪ್ಪನೋ ಎಂಬುದು ಅಪ್ಪಂದಿರಿಬ್ಬರೂ ಬದುಕಿದ್ದಾಗಲೇ ಇತ್ಯರ್ಥವಾಗಿರಲಿಲ್ಲ. ಹಾಗಾಗಿ ಒಂದು ಪದ್ಧತಿ ನಡೆದುಬಂದಿದೆ. ಕಾಯಿ ಕೀಳಿಸಿದಾಗ ಒಂದು ಸಲ ಅವರಿಗೆ, ಮುಂದಿನ ಸಲ ನಮಗೆ. ತಾನಾಗಿ ಉದುರಿದ ಕಾಯಿ ಮಾತ್ರ ಯಾರ ಕಡೆ ಬಿತ್ತೋ ಅವರದು. ಕೇಳುವುದಕ್ಕೆ ಇದು ಧರ್ಮರಾಯನ ತೀರ್ಪಿನಂತಿದೆ. ಆದರೆ ಮರ ಶಿವಲಿಂಗಣ್ಣನ ಕಡೆಗೆ ವಾಲಿದೆ!

ನಮ್ಮ ಸರದಿ ಬರುವ ಹೊತ್ತಿಗೆ ಬಲಿತ ಕಾಯಿಗಳೆಲ್ಲಾ ಒಂದೊಂದಾಗಿ ಆ ಕಡೆ ಉದುರಿ, ಅವರ ಅಟ್ಟ ಸೇರಿ, ಕೊಬ್ಬರಿಯಾಗಲು ತಪಸ್ಸಿಗೆ ಕುಳಿತಿರುತ್ತವೆ. ಅಂದು ಬದುವಿನ ಮೇಲೆ ನಿಂತು ನಾನು ಈ ಅನ್ಯಾಯವನ್ನು ಸೌಮ್ಯವಾಗಿಯೇ ಪ್ರಸ್ತಾಪಿಸಿದೆ.

"ಏನು ಶಿವಲಿಂಗಣ್ಣ, ಮರ ಪೂರ್ತಿ ನಿಮ್ಮ ಪಾರ್ಟಿಗೇ ಸೇರ್ಕೊಂಡ್ಬಿಡ್ತಲ್ಲ?"

"ನಾನೇನು ಅದಕ್ಕೆ ಹಗ್ಗ ಕಟ್ಟಿ ಎಳ್ದಿದ್ದೀನಾ ಮೇಷ್ಟ್ರೇ? ಬಿಸ್ಲು ಎತ್ತ ಐತೋ ಮರ ಅತ್ತ ಬಾಗ್ತದೆ. ಮೂವತ್ತು ವರ್ಸ ಪಾಟ ಮಾಡಿದೋರು, ನಿಮ್ಗೆ ಗೊತ್ತಿಲ್ವಾ?"

"ಅದು ಸಸ್ಯಶಾಸ್ತ್ರ. ನನ್ನ ವಿಷಯ ಭೂಗೋಳ."

"ಹಂಗಾದ್ರೆ ಬುಡಿ, ಮರದ ಸುದ್ದಿ ನಿಮ್ಗ್ಯಾಕೆ?" ಎಂದು ಆತ ಅಂದಿನ ಕಾಯಿ ಎತ್ತಿಕೊಂಡು ಹೊರಟ.

ಮನೆಗೆ ಬಂದು ವಿಷಯವನ್ನು ನನ್ನ ಹೆಂಡತಿ ವಿಶಾಲಾಕ್ಷಿಯ ಮುಂದಿಟ್ಟೆ. ಅವಳು ಮುದ್ದೆ ಕೂಡಿಸುತ್ತಲೇ, "ಸರ್ವೆಗೆ ಅರ್ಜಿ ಹಾಕಿ. ಇಲ್ಲಾಂದ್ರೆ ಸುಮ್ನಿರಿ" ಎಂದಳು. ಎರಡೂ ನನ್ನಿಂದಾಗದ ಕೆಲಸ. ಸರ್ವೆಗೆ ಅರ್ಜಿ ಹಾಕುವುದೆಂದರೆ ನಮ್ಮ ಕಡೆ ಯುದ್ಧ ಸಾರಿದಂತೆ. ಪಕ್ಕದ ತೋಟದವರಿಗೆ ನೋಟೀಸು ಹೋದ ದಿನದಿಂದ ಅವರ ಹಸು ಕರು ಹಾಕಿದರೆ ನಮ್ಮ ಮನೆಗೆ ಗಿಣ್ಣು ಬರುವುದಿಲ್ಲ. ಶಿವಲಿಂಗಣ್ಣನ ಮನೆಯ ಏಲಕ್ಕಿ ಹಾಕಿದ ಗಿಣ್ಣನ್ನು ತಿಂದವರಿಗೆ ನನ್ನ ಸಂಕಟ ಅರ್ಥವಾದೀತು. ನನಗೆ ಮರವೂ ಬೇಕಿತ್ತು, ಗಿಣ್ಣೂ ಬೇಕಿತ್ತು.

ಆಗ ನೆನಪಾದದ್ದು ಬೀರುವಿನಲ್ಲಿದ್ದ ಜಿಪಿಎಸ್ ಯಂತ್ರ. ನನ್ನ ಬಾಮೈದನಿಗೆ ಒಂದು ಕಾಲದಲ್ಲಿ ಬೆಟ್ಟ ಹತ್ತುವ ಖಯಾಲಿ ಇತ್ತು. ಮಂಡಿನೋವು ಬಂದು ವೈರಾಗ್ಯ ಹುಟ್ಟಿದ ಮೇಲೆ, "ಭಾವಾ, ಇದು ನಿಮ್ಮಂಥವರ ಕೈಲಿರಬೇಕು" ಎಂದು ಅದನ್ನು ನನಗೆ ದಾನ ಮಾಡಿದ್ದ. ಅಂಗೈಯಲ್ಲಿ ಹಿಡಿಯುವಂಥದ್ದು, ಬಟ್ಟೆ ಸೋಪಿನಷ್ಟು ದಪ್ಪ. ಆಕಾಶದ ಉಪಗ್ರಹಗಳನ್ನು ವಿಚಾರಿಸಿ, ನಾವಿರುವ ಜಾಗವನ್ನು ಒಂದು ಬಾಣದಿಂದ ತೋರಿಸುತ್ತದೆ. ಆದರೆ ಅದರೊಳಗೆ ನಕ್ಷೆಯೇ ಇರಲಿಲ್ಲ. ಬಿಳಿ ಪರದೆ, ನಡುವೆ ಬಾಣ. "ನೀನು ಇಲ್ಲಿದ್ದೀಯೆ" ಎನ್ನುತ್ತಿತ್ತೇ ಹೊರತು "ಇಲ್ಲಿ" ಎಂದರೆ ಎಲ್ಲಿ ಎಂದು ಹೇಳುತ್ತಿರಲಿಲ್ಲ. ವೇದಾಂತಿಗಳ ಹಾಗೆ!

"ನಕ್ಷೆ ಫೋನಲ್ಲೇ ಪುಕ್ಸಟ್ಟೆ ಬರ್ತದಲ್ರೀ?" ಎಂದಳು ವಿಶಾಲಾಕ್ಷಿ.

"ಪುಕ್ಕಟೆ ನಕ್ಷೆಯನ್ನು ನಾಲ್ಕು ಜನರ ಮುಂದೆ ಯಾರು ನಂಬುತ್ತಾರೆ? ನ್ಯಾಯ ಎಂದ ಮೇಲೆ ಖರ್ಚು ಮಾಡಬೇಕು" ಎಂದೆ. ಯಂತ್ರದ ಕಂಪನಿಯವರೇ ಮಾರುವ ನಕ್ಷೆಯ ಬೆಲೆ ನೋಡಿದ ಮೇಲೆ ನ್ಯಾಯಕ್ಕೂ ಒಂದು ಮಿತಿ ಇರಬೇಕು ಅನ್ನಿಸಿತು. ಆ ದುಡ್ಡಿಗೆ ಒಬ್ಬ ಸರ್ವೆಯರನನ್ನೇ ಮನೆಯಲ್ಲಿಟ್ಟುಕೊಂಡು ಒಂದು ವರ್ಷ ಊಟ ಹಾಕಬಹುದಿತ್ತು. ಪುಕ್ಕಟೆಯೂ ಅಲ್ಲದ, ದುಬಾರಿಯೂ ಅಲ್ಲದ ನಕ್ಷೆಯನ್ನು ಮೂರು ಸಂಜೆ ಇಂಟರ್ನೆಟ್ಟಿನಲ್ಲಿ ಹುಡುಕಿದೆ. ಸಿಕ್ಕಿತು! "ಇಡೀ ಭಾರತ, ಸಂಪೂರ್ಣ ವಿವರ." ಬೆಲೆ ಕಂಪನಿಯ ಬೆಲೆಯ ಹತ್ತರಲ್ಲಿ ಒಂದು ಪಾಲು. ಜಾಹೀರಾತಿನ ಮೂಲೆಯಲ್ಲಿ ಒಂದು ದೋಣಿಯ ಚಿತ್ರ ಇತ್ತು. ಅಲಂಕಾರಕ್ಕಿರಬೇಕು ಎಂದುಕೊಂಡೆ.

ವಾರದೊಳಗೆ ಹೆಬ್ಬೆರಳ ಉಗುರಿನಷ್ಟು ಒಂದು ಕಾರ್ಡು ಬಂತು. ಕೈಕಾಲು ತೊಳೆದು, ದೇವರ ಮುಂದಿಟ್ಟು, ಯಂತ್ರಕ್ಕೆ ಹಾಕಿ ಅಂಗಳಕ್ಕೆ ಬಂದೆ. ಪರದೆ ತುಂಬಾ ಹಳದಿ. ಅರಿಸಿನ ಬಳಿದ ಹೊಸ್ತಿಲಿನಂತೆ ಬರೀ ಹಳದಿ. ಊರಿಲ್ಲ, ದಾರಿಯಿಲ್ಲ, ತಿಪಟೂರೂ ಇಲ್ಲ, ತುರುವೇಕೆರೆಯೂ ಇಲ್ಲ. ಗಾಬರಿಯಿಂದ ನಕ್ಷೆಯನ್ನು ಪಡುವಣಕ್ಕೆ ಸರಿಸುತ್ತಾ ಹೋದೆ. ಬಹಳ ಹೊತ್ತಿನ ಮೇಲೆ ನೀಲಿ ಬಂತು. ಆ ನೀಲಿಯ ತುಂಬಾ ಅಂಕಿಗಳು! ಅದು ಮೀನುಗಾರರ ನಕ್ಷೆ. ಸಮುದ್ರದ ಆಳವನ್ನು ಮಾರುಮಾರಿಗೂ ಬರೆದಿದ್ದ ಮಹಾನುಭಾವರು ನೆಲವನ್ನು ಅಡಚಣೆ ಎಂದು ಬಗೆದು ಬರಿದೇ ಬಿಟ್ಟಿದ್ದರು.

"ಹತ್ತಿರದಲ್ಲಿ ಏನಿದೆ" ಎಂಬ ಗುಂಡಿ ಒತ್ತಿದೆ. ಹತ್ತಿರದ ದೀಪಸ್ತಂಭ, ಹತ್ತಿರದ ಬಂದರು, ದೋಣಿಗೆ ಡೀಸೆಲ್ ಸಿಗುವ ಹತ್ತಿರದ ಜಾಗ, ಎಲ್ಲವೂ ಮಂಗಳೂರಿನಲ್ಲಿದ್ದವು. ಕೆಳಗೆ ಅಲ್ಲಿನ ಸಮುದ್ರದ ಉಬ್ಬರವಿಳಿತದ ವೇಳಾಪಟ್ಟಿ.

"ಏನಂತದೆ ಮಿಷನ್ನು?" ಎಂದಳು ವಿಶಾಲಾಕ್ಷಿ, ಬಾಗಿಲಿನಿಂದ.

"ಮಂಗಳೂರಿನಲ್ಲಿ ಮಧ್ಯಾಹ್ನ ಸಮುದ್ರ ಉಕ್ಕುತ್ತದಂತೆ."

"ಸರಿ. ಅಷ್ಟ್ರೊಳಗೆ ಒಣಗಾಕಿರೋ ಮೆಣಸಿನ್ಕಾಯಿ ಒಳೀಕ್ಕೆ ತಂದ್ಬುಡ್ತೀನಿ."

ಮಾರಿದವನಿಗೆ ಫೋನು ಮಾಡಿದೆ. ಆತ ಬಹಳ ಮರ್ಯಾದಸ್ಥ. "ಸಾರ್, ತಮ್ಮ ಬೋಟು ಎಷ್ಟು ಅಡಿ ಉದ್ದದ್ದು?" ಎಂದು ವಿಚಾರಿಸಿದ. ಬೋಟು ಇಲ್ಲವೆಂದೆ. "ಬೋಟಿಲ್ಲದೆ ಈ ನಕ್ಷೆ ಯಾಕೆ ತಗೊಂಡ್ರಿ ಸಾರ್?" ಎಂದು ಕೇಳಿದ. ಅಗ್ಗವಾಗಿತ್ತು ಎಂದೆ. ಕೊನೆಗೆ ಅವನೇ ಕನಿಕರಪಟ್ಟು, ಇನ್ನೂ ಅರ್ಧ ಬೆಲೆಗೆ ನೆಲದ ನಕ್ಷೆಯೊಂದನ್ನು ಕಳಿಸುವುದಾಗಿ ಹೇಳಿದ. "ಹಳೇ ಗ್ರಾಮನಕ್ಷೆ ನೋಡ್ಕೊಂಡು ನಮ್ಮ ಹುಡುಗ್ರೇ ಮಾಡಿದ್ದು ಸಾರ್. ಕೆರೆ, ಬಾವಿ, ಸರ್ವೆ ನಂಬರಿನ ಗೆರೆ ಎಲ್ಲಾ ಇದೆ." ಹಳೆಯದು ಎಂದ ಕೂಡಲೇ ನನಗೆ ನಂಬಿಕೆ ಬಂತು. ಹಳೆಯದೆಲ್ಲಾ ಗಟ್ಟಿ ಎಂಬ ನನ್ನ ಸಿದ್ಧಾಂತಕ್ಕೆ ನಾನೇ ಸಾಕ್ಷಿಯಾಗಿದ್ದೆ.

ಎರಡನೆಯ ಕಾರ್ಡನ್ನು ನಾನು ಕೂಲಂಕಷವಾಗಿ ಪರೀಕ್ಷಿಸಿದೆ. ಜಗಲಿಯ ಮೇಲೆ ಕುಳಿತು, ಕನ್ನಡಕದ ಮೇಲೆ ಭೂತಗನ್ನಡಿ ಹಿಡಿದು ನೋಡಿದೆ. ಅರಳಗುಪ್ಪೆಯ ಗುಡಿ ಇತ್ತು. ಚಿಕ್ಕನಾಯಕನಹಳ್ಳಿ ಕಡೆಯ ಗುಡ್ಡಗಳಿಗೆ ಸುತ್ತುಸುತ್ತು ಗೆರೆಗಳಿದ್ದವು. ನಮ್ಮೂರ ಕೆರೆ, ಬಸ್ ನಿಲ್ದಾಣ, ನಮ್ಮ ಸರ್ವೆ ನಂಬರಿನ ಕೆಂಪು ಗೆರೆ ಎಲ್ಲವೂ ಇದ್ದವು. ಹೆಂಚಿನ ಸೂರಿನ ಕೆಳಗೆ ಉಪಗ್ರಹ ಸಿಗದ ಕಾರಣ ಬಾಣ ಮಾತ್ರ ಮೂಡಿರಲಿಲ್ಲ. ಬಾಣ ಎಂಥದು, ತೋಟದಲ್ಲಿ ಮೂಡುತ್ತದೆ ಬಿಡು, ಎಂದುಕೊಂಡೆ.

ಮರುದಿನ ಬೆಳಿಗ್ಗೆ ಹಾಲಿನ ಡೈರಿಯ ಮುಂದೆ, ಕ್ಯಾನು ಹಿಡಿದು ನಿಂತಿದ್ದ ಇಡೀ ಊರಿನ ಎದುರು, ಶಿವಲಿಂಗಣ್ಣನಿಗೆ ಸ್ನೇಹಪೂರ್ವಕ ಆಹ್ವಾನ ಕೊಟ್ಟೆ. ಅರ್ಜಿಯಿಲ್ಲ, ನೋಟೀಸಿಲ್ಲ, ಮನಸ್ತಾಪವಿಲ್ಲ. ಆಕಾಶವೇ ತೀರ್ಪು ಕೊಡುತ್ತದೆ. ಪಂಚಾಯಿತಿ ಮೆಂಬರ್ ರುದ್ರೇಶನನ್ನು ಸಾಕ್ಷಿಯಾಗಿ ಕರೆದೆ. ರುದ್ರೇಶ ನನ್ನ ಹಳೆಯ ಶಿಷ್ಯ. ಭೂಗೋಳದಲ್ಲಿ ಸತತವಾಗಿ ಫೇಲಾದವನು.

ಭಾನುವಾರ ಬೆಳಿಗ್ಗೆ ಬದುವಿನ ಮೇಲೆ ಹತ್ತು ಹನ್ನೆರಡು ಜನ ಸೇರಿದರು. ನಾನು ಇಸ್ತ್ರಿ ಪಂಚೆ ಉಟ್ಟು, ಮರಕ್ಕೆ ಬೆನ್ನು ಕೊಟ್ಟು ನಿಂತು ಘೋಷಿಸಿದೆ: "ಈ ನಕ್ಷೆ ಏನು ಹೇಳುತ್ತದೋ ಅದೇ ಕೊನೆಯ ಮಾತು. ನನಗೆ ವಿರುದ್ಧವಾದರೂ ನಾನು ತಲೆಬಾಗುತ್ತೇನೆ." ಈ ಕೊನೆಯ ವಾಕ್ಯ ಬೇಕೆಂದು ಯಾರೂ ಕೇಳಿರಲಿಲ್ಲ. ನಾನೇ ಸೇರಿಸಿದೆ!

ಯಂತ್ರದ ಗುಂಡಿ ಒತ್ತಿದೆ. ಬಾಣ ಮೂಡಿತು. ಬಾಣದ ಸುತ್ತ ನೀಲಿ.

ರುದ್ರೇಶ ಹೆಗಲ ಮೇಲಿಂದ ಬಗ್ಗಿ ನೋಡಿದ. "ಸಾ, ಇದೇನ್ ಸಾ ನೀಲಿ?"

"ಕೆರೆ" ಎಂದೆ. ಮೇಷ್ಟ್ರಾದವನಿಗೆ ಪ್ರಶ್ನೆ ಕೇಳಿದರೆ ಉತ್ತರ ಬಾಯಿಗೆ ತಾನಾಗಿ ಬಂದುಬಿಡುತ್ತದೆ.

ನಮ್ಮ ತೋಟದೊಳಕ್ಕೆ ಇಪ್ಪತ್ತು ಹೆಜ್ಜೆ ನಡೆದೆ. ನೀಲಿ. ಪಂಪ್‌ಸೆಟ್ಟಿನ ಮನೆಯವರೆಗೂ ಹೋದೆ. ಕಡುನೀಲಿ. ಓಡಿಬಂದು ಬದು ದಾಟಿ ಶಿವಲಿಂಗಣ್ಣನ ತೋಟಕ್ಕೆ ಕಾಲಿಟ್ಟೆ. ಅಪ್ಪಟ ಒಣ ನೆಲ! ಕೆರೆಯ ಅಂಚು ಸರಿಯಾಗಿ ಬದುವಿನ ಮೇಲೇ ಹಾದುಹೋಗಿತ್ತು.

ಜನ ಗುಜುಗುಜು ಎಂದರು. ರುದ್ರೇಶ ತಲೆ ಕೆರೆದುಕೊಂಡ. "ಸಾ, ಕೆರೆ ಅಂಗಳ ಒತ್ತುವರಿ ಆಗಿದ್ರೆ ತೆರವು ಮಾಡ್ಸಿ ಅಂತ ಮೊನ್ನೆ ತಾನೇ ಪಂಚಾಯ್ತಿಗೆ ಕಾಗ್ದ ಬಂದೈತೆ. ನಮ್ಮೂರಾಗೆ ಯಾರೂ ಇಲ್ಲ ಅಂತ ಬರ್ದಿದ್ದೆ. ಈಗ ನೀವೇ ಹನ್ನೆರಡು ಜನದ ಮುಂದೆ ಇಂಗಂದ್ರೆ ನಾನೇನ್ ಬರೀಲಿ?"

ಮೂರು ತಲೆಮಾರಿನ ತೋಟ. ಪಹಣಿ, ಪಟ್ಟೆ ಎಲ್ಲಾ ಪೆಟ್ಟಿಗೆಯಲ್ಲಿವೆ. ಆದರೆ ಈ ನಕ್ಷೆಯೇ ಕೊನೆಯ ಮಾತು ಎಂದವನು ನಾನೇ. ಬಾಯಿ ಒಣಗಿತು. ಕೆರೆಯ ದಡದಲ್ಲೇ ನಿಂತಿದ್ದರೂ ಒಣಗಿತು! ಕಾಫಿ ತಂದಿದ್ದ ವಿಶಾಲಾಕ್ಷಿ ಫ್ಲಾಸ್ಕನ್ನು ಕೆಳಗಿಟ್ಟಳು.

"ಒಂದ್ ಮರ ತರ್ತೀನಿ ಅಂತ ಬಂದು ತೋಟಾನೇ ಕೊಟ್ಬುಟ್ರಾ?"

ಆಗ ಮುಂದೆ ಬಂದವನು ಶಿವಲಿಂಗಣ್ಣ. ಅವನ ಮುಖದಲ್ಲಿ ಗೆದ್ದ ಕಳೆಯೇ ಇರಲಿಲ್ಲ. ನನಗಿಂತ ಹೆಚ್ಚು ಗಾಬರಿಯಾಗಿದ್ದ.

"ಯೇ ರುದ್ರೇಸ, ನಿಂತ್ಕಳ್ಲಾ ಒಸಿ. ಮೇಷ್ಟ್ರ ತೋಟ ಕೆರೆಗೆ ಸೇರಿದ್ರೆ ಈ ಮರದಾಗೆ ಅರ್ಧ ಸರ್ಕಾರದ್ದಾಯ್ತದೆ. ಮೇಷ್ಟ್ರ ತಾವಾದ್ರೆ ನಾನು ಜಗ್ಳ ಆಡ್ಬೋದು, ಆಡಿ ಕಾಫಿನೂ ಕುಡೀಬೋದು. ಸರ್ಕಾರದ ತಾವ ಆಡಕ್ಕಾಯ್ತದಾ? ಇದು ಕೆರೆ ಅಂತಾದ್ರೆ, ಕೆರೆ ತಾವ ನಿಂತ್ರೆ ಈ ಮಿಷನ್ನು ಏನಂತದೋ ನೋಡಾಣ, ನಡೀರಿ."

ಮೂವತ್ತು ವರ್ಷ ಭೂಗೋಳ ಹೇಳಿದ ತಲೆಗೆ ಹೊಳೆಯದ ಪರೀಕ್ಷೆ ಅದು. ಮೆರವಣಿಗೆ ಕೆರೆಗೆ ಹೊರಟಿತು. ದಡದಲ್ಲಿ ನಿಂತರೆ ಸಾಲದು, ನಿಸ್ಸಂದೇಹವಾಗಿ ನೀರಿನಲ್ಲೇ ನಿಲ್ಲಬೇಕು ಎಂದು ರುದ್ರೇಶ ಹಟ ಹಿಡಿದ. ಇಳಿದೆ. ಮೊಣಕಾಲವರೆಗೆ ನೀರು, ಅದರ ಕೆಳಗೆ ಕೆಸರು. ಈ ಸಲ ಎಡಗಾಲಿನ ಚಪ್ಪಲಿಯನ್ನು ಕೆರೆಗೆ ಅರ್ಪಿಸಿದೆ. ಎಮ್ಮೆಯೊಂದು ಸ್ವಲ್ಪ ಸರಿದು ಜಾಗ ಕೊಟ್ಟಿತು. ಯಂತ್ರವನ್ನು ಎತ್ತಿ ಹಿಡಿದು ಓದಿದೆ.

"ಎಲ್ಲಿದ್ದೀರಂತೆ ಮೇಷ್ಟ್ರೇ?" ಎಂದ ಶಿವಲಿಂಗಣ್ಣ ದಡದಿಂದ.

"ಬಸ್ ನಿಲ್ದಾಣದಲ್ಲಿ."

ಅಗ್ಗದ ನಕ್ಷೆಯವನ ಹುಡುಗರು ಕೆರೆ, ಗುಡಿ, ದಾರಿ ಸಮೇತ ಇಡೀ ಊರನ್ನೇ ಎರಡು ಫರ್ಲಾಂಗು ಪಕ್ಕಕ್ಕೆ ಜಾರಿಸಿ ಅಂಟಿಸಿದ್ದರು. ತೋಟ ಉಳಿಯಿತು! ಸಮುದ್ರದ ನಕ್ಷೆ ಕೈಯಲ್ಲಿದ್ದಾಗ ನೆಲದ ಮೇಲಿದ್ದೆ, ನೆಲದ ನಕ್ಷೆ ಕೈಗೆ ಬಂದಾಗ ನೀರಿನಲ್ಲಿದ್ದೆ.

ರುದ್ರೇಶ ಕೈ ಕೊಟ್ಟು ನನ್ನನ್ನು ಮೇಲಕ್ಕೆಳೆದ. ಎಳೆಯುತ್ತಲೇ ಕೇಳಿದ: "ಸಾ, ಏಳನೇ ಕ್ಲಾಸಲ್ಲಿ ನೀವೊಂದು ಪ್ರಸ್ನೆ ಕೇಳಿದ್ರಿ, ಗ್ಯಾಪ್ನ ಐತಾ? ಗೊತ್ತಿಲ್ದಿರೋ ಊರಿಗೆ ಹೋದಾಗ ನಾವೆಲ್ಲಿದ್ದೀವಿ ಅಂತ ತಿಳ್ಕಳಾದು ಹೆಂಗೆ ಅಂತ."

"ಕೇಳಿದ್ದೆ."

"ನಾನು 'ಅಲ್ಲಿರೋರ್ನ ಕೇಳೋದು ಸಾ' ಅಂದೆ. ನಕ್ಷೆ ನೋಡ್ಬೇಕು ಕಣೋ ದಡ್ಡ ಅಂತ ಬೆತ್ತದಲ್ಲಿ ಎರಡು ಬುಟ್ರಿ."

"ಬಿಟ್ಟಿದ್ದೆ."

"ಅವೆರಡು ಏಟು ವಾಪಸ್ ತಗಳ್ತೀರಾ ಸಾ?"

ಹನ್ನೆರಡು ಜನವೂ ನಕ್ಕರು. ಎಮ್ಮೆಯ ವಿಷಯ ಖಚಿತವಾಗಿ ಹೇಳಲಾರೆ. ವಿಶಾಲಾಕ್ಷಿ ಮಾತ್ರ ನಗಲಿಲ್ಲ. ಮನೆಗೆ ಬಂದವಳೇ ಎರಡನೆಯ ಕಾರ್ಡನ್ನು ಯಂತ್ರದಿಂದ ತೆಗೆದು ಒಲೆಗೆ ಹಾಕಿದಳು. ಆ ನಕ್ಷೆ ಊರಿನಲ್ಲಿ ಯಾರ ಕಣ್ಣಿಗೂ ಮತ್ತೆ ಬೀಳಬಾರದು ಎಂಬುದು ಅವಳ ಆಜ್ಞೆ.

ಈಗ ಯಂತ್ರದಲ್ಲಿ ಸಮುದ್ರದ ನಕ್ಷೆಯೇ ಇದೆ. ಡೈರಿಗೆ ಹೋದಾಗ ಯಾರಾದರೊಬ್ಬರು, "ಮೇಷ್ಟ್ರೇ, ಇವತ್ತು ಮಂಗ್ಳೂರಲ್ಲಿ ಸಮುದ್ರ ಎಷ್ಟೊತ್ಗೆ ಉಕ್ತದೆ?" ಎಂದು ಕೇಳುತ್ತಾರೆ. ನೋಡಿಕೊಂಡು ಹೇಳುತ್ತೇನೆ. ಆ ಲೆಕ್ಕ ಮಾತ್ರ ಒಂದು ದಿನವೂ ತಪ್ಪಿಲ್ಲ.

ಹೋದ ವಾರ ಶಿವಲಿಂಗಣ್ಣನ ಹಸು ಕರು ಹಾಕಿತು. ಗಿಣ್ಣು ಬಂತು. ನಿನ್ನೆ ಬದುವಿನ ಮರದಿಂದ ಮೂರು ಕಾಯಿ ಉದುರಿದವು. ಮೂರೂ ಅವರ ಕಡೆಗೆ ಬಿದ್ದವು.